ಹದಿಮೂರು ತಿಂಗಳ ಮಗುವಿಗೆ ಇಪ್ಪತ್ನಾಲ್ಕು ಚೀಲ

ಪ್ರಶ್ನೆ: ನಾವು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿನಲ್ಲಿದ್ದೇವೆ. ನಾನು ದಾವಣಗೆರೆಯವಳು, ನಮ್ಮ ಯಜಮಾನರು ಮಂಗಳೂರಿನ ಕ್ಯಾಥೊಲಿಕ್ ಕುಟುಂಬದವರು. ಡಿಸೆಂಬರ್ 1ಕ್ಕೆ ಮಗಳಿಗೆ 13 ತಿಂಗಳು ತುಂಬುತ್ತದೆ. ಇಲ್ಲಿ ಮಕ್ಕಳಿರುವ ಮನೆಯಲ್ಲೆಲ್ಲ ಅಡ್ವೆಂಟ್ ಕ್ಯಾಲೆಂಡರ್ ಇರುತ್ತದೆ; ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಪುಟ್ಟ ಬಾಗಿಲನ್ನೋ ಚೀಲವನ್ನೋ ತೆರೆಯುತ್ತ ಕ್ರಿಸ್ಮಸ್‌ಗೆ ದಿನ ಎಣಿಸುವುದು ಅದರ ಕ್ರಮ. ಅಂಗಡಿಯಲ್ಲಿ ನೋಡಿದರೆ ಚಾಕೊಲೇಟು, ಇಲ್ಲವೇ ಬೆರಳುದ್ದದ ಆಟಿಕೆಗಳು. ಆದ್ದರಿಂದ ಮನೆಯಲ್ಲೇ ಮಾಡೋಣವೆಂದಿದ್ದೇನೆ. ಹೊಲಿಗೆ ಅಲ್ಪಸ್ವಲ್ಪ ಬರುತ್ತದೆ. ಇಷ್ಟು ಚಿಕ್ಕ ಮಗುವಿಗೆ ಇದೆಲ್ಲ ತಿಳಿಯುತ್ತದೆಯೇ? 24 ದಿನವೂ ಏನೇನು ಇಡಬೇಕು? ಅತ್ತೆಯವರು ಕುಸ್ವಾರ್ (ಮಂಗಳೂರಿನ ಕ್ರಿಸ್ಮಸ್ ತಿನಿಸುಗಳು) ಕಳುಹಿಸುತ್ತೇನೆ, ಅದನ್ನೇ ಹಾಕು ಎನ್ನುತ್ತಿದ್ದಾರೆ.

ಉತ್ತರ: ತಿಳಿಯುವುದು ಮತ್ತು ತಿಳಿಯದಿರುವುದು ಎರಡೂ ಇದೆ. ತಾರೀಖು, ಅಂಕಿ, ‘ಹಬ್ಬಕ್ಕೆ ಇನ್ನೂ ಹತ್ತು ದಿನ’ ಎನ್ನುವ ಎಣಿಕೆ, ಇವು ಯಾವುವೂ ನಿಮ್ಮ ಮಗಳಿಗೆ ತಿಳಿಯುವುದಿಲ್ಲ. ಚೀಲವೊಂದಿದೆ, ಅದರೊಳಗೆ ಏನೋ ಇದೆ, ತೆರೆದರೆ ಅದು ಕೈಗೆ ಸಿಗುತ್ತದೆ, ತೆರೆಯುವಾಗ ಅಮ್ಮ ಪಕ್ಕದಲ್ಲಿ ಕುಳಿತಿರುತ್ತಾಳೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಒಂದು ವರ್ಷದ ಮಗುವಿನ ಅಡ್ವೆಂಟ್ ಕ್ಯಾಲೆಂಡರನ್ನು ಇದರ ಮೇಲೆಯೇ ಕಟ್ಟಬೇಕು. ಹಾಗಾಗಿ ನನ್ನ ಮುಖ್ಯ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: 24 ಬಗೆಯ ವಸ್ತುಗಳನ್ನು ಹುಡುಕಿಕೊಂಡು ಹೋಗಬೇಡಿ. ಎಂಟೇ ವಸ್ತುಗಳನ್ನು ಆರಿಸಿ, ಒಂದೊಂದೂ ಮೂರು ಸಲ ಬರುವಂತೆ ಮಾಡಿ.

ದೊಡ್ಡ ಮಕ್ಕಳಿಗೆ ಬಂದದ್ದೇ ಮತ್ತೆ ಬಂದರೆ ಬೇಸರವಾಗುತ್ತದೆ. ಒಂದು ವರ್ಷದ ಮಗುವಿನ ಮಾತು ಬೇರೆ. ಕಣ್ಣಿಗೆ ಕಾಣದಂತೆ ಮುಚ್ಚಿಟ್ಟ ವಸ್ತು ಇಲ್ಲವಾಗುವುದಿಲ್ಲ, ಮುಚ್ಚಿಟ್ಟಲ್ಲೇ ಇರುತ್ತದೆ ಎಂಬ ಅರಿವು ಮಕ್ಕಳಲ್ಲಿ ಸುಮಾರು ಎಂಟು ತಿಂಗಳ ಹೊತ್ತಿಗೆ ಎದ್ದು ಕಾಣತೊಡಗುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜ್ಯಾನ್ ಪಿಯಾಜೆ ಇದನ್ನು ತಮ್ಮ ಮಕ್ಕಳನ್ನೇ ಗಮನಿಸಿ ವಿವರಿಸಿದರು. ಹದಿಮೂರನೆಯ ತಿಂಗಳಿನಲ್ಲಿ ಆ ಅರಿವು ಇನ್ನೂ ಹೊಸದಾಗಿರುವುದರಿಂದ ಮಗು ಅದನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡುತ್ತದೆ. ಡಬ್ಬಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ದೊಡ್ಡವರಿಗೆ ಅರ್ಥವಿಲ್ಲದ ಪುನರಾವರ್ತನೆಯಂತೆ ಕಂಡರೂ ಮಗುವಿಗೆ ಅದು ದಿನದ ಅತಿ ಮುಖ್ಯ ಕೆಲಸ. ಕೆಂಪು ಚೆಂಡು ಮೊದಲ ಸಲ ಬಂದಾಗ ಅದೊಂದು ಹೊಸ ವಸ್ತುವಷ್ಟೇ. ಒಂದು ವಾರದ ನಂತರ ಅದೇ ಚೆಂಡು ಚೀಲದಿಂದ ಹೊರಬಂದಾಗ ಮಗು ಅದರ ಗುರುತು ಹಿಡಿಯುತ್ತದೆ, ಮತ್ತು ಆ ಕ್ಷಣದಲ್ಲಿ ಮುಖದಲ್ಲಿ ಮೂಡುವ ನಗು ಹೊಸ ಆಟಿಕೆಗೆ ಮೂಡುವ ನಗುವಿಗಿಂತ ದೊಡ್ಡದು.

ಜರ್ಮನಿಯಲ್ಲಿ ಮೂರು ವರ್ಷದೊಳಗಿನ ಮಕ್ಕಳ ಶಿಶುಕೇಂದ್ರಕ್ಕೆ ಕ್ರಿಪ್ಪೆ ಎನ್ನುತ್ತಾರೆಂದು ನಿಮಗೆ ಗೊತ್ತಿರುತ್ತದೆ; ಬಾಲಯೇಸುವನ್ನು ಮಲಗಿಸಿದ ಗೋದಲಿಗೂ ಅದೇ ಪದ. ಅಂಥ ಕೇಂದ್ರಗಳಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಒಂದು ಡಿಸೆಂಬರಿನಲ್ಲಿ, ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಹುಡುಗನೊಬ್ಬನಿಗೆ ಆ ದಿನದ ಚೀಲ ಕೊಟ್ಟೆ. ಒಳಗಿದ್ದದ್ದು ಒಂದು ಮರದ ಸೌಟು. ಅವನು ಅದನ್ನು ಹೊರಗೆಳೆದು, ತಿರುಗಿಸಿ ನೋಡಿ, ಹಿಡಿಯ ತುದಿಯನ್ನು ಒಮ್ಮೆ ಬಾಯಿಗೆ ಹಾಕಿಕೊಂಡ. ಆಮೇಲೆ ಚೀಲದ ಬಾಯನ್ನು ಎಡಗೈಯಲ್ಲಿ ಅಗಲಿಸಲು ಹೆಣಗಿ, ಮೂರನೆಯ ಪ್ರಯತ್ನಕ್ಕೆ ಸೌಟನ್ನು ಒಳಗೆ ತೂರಿಸಿ, ಚೀಲವನ್ನು ನನ್ನ ಮಡಿಲಲ್ಲಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತ. ಈಗ ತೆರೆಯುವ ಸರದಿ ನನ್ನದು. ನಾನು ತೆರೆದು ‘ಅಯ್ಯೋ, ಸೌಟು!’ ಎಂದೊಡನೆ ಕೇಕೆ ಹಾಕಿ ನಕ್ಕ. ಇದು ಹನ್ನೊಂದು ಬಾರಿ ನಡೆಯಿತು. ಆ ಸೌಟಿನ ಬೆಲೆ ಒಂದು ಯೂರೋ ಇದ್ದಿರಬಹುದು. ‘24 ದಿನವೂ ಏನು ಇಡಬೇಕು’ ಎಂದು ಯಾರೇ ಕೇಳಿದರೂ ನನಗೆ ಮೊದಲು ನೆನಪಾಗುವುದು ಅವನೇ.

ಮನೆಯಲ್ಲಿ ಮಾಡಿದ್ದು ಅಂಗಡಿಯದಕ್ಕಿಂತ ಕಡಿಮೆಯೆಂಬ ಅಳುಕು ನಿಮಗಿದ್ದರೆ ಅದನ್ನು ಬಿಟ್ಟುಬಿಡಿ. ಈ ಪದ್ಧತಿ ಹುಟ್ಟಿದ್ದೇ ಮನೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ 24 ಗೆರೆ ಎಳೆದು ದಿನಕ್ಕೊಂದನ್ನು ಮಕ್ಕಳಿಂದ ಅಳಿಸುವ ರೂಢಿಯಿತ್ತು. ಗೋದಲಿಯಲ್ಲಿ ದಿನಕ್ಕೊಂದು ಹುಲ್ಲುಕಡ್ಡಿ ಇಡಿಸುವ ಮನೆಗಳೂ ಇದ್ದವು. ನೀವಿರುವ ಊರಿನಿಂದ ಹೆಚ್ಚು ದೂರವಿಲ್ಲದ ಮೌಲ್‌ಬ್ರಾನ್‌ನಲ್ಲಿ 1881ರಲ್ಲಿ ಹುಟ್ಟಿದ ಗೆರ್‌ಹಾರ್ಡ್ ಲಾಂಗ್ ಎಂಬವರಿಗೆ ಅವರ ತಾಯಿ 24 ಪುಟ್ಟ ಬಿಸ್ಕತ್ತುಗಳನ್ನು ರಟ್ಟಿನ ಮೇಲೆ ಹೊಲಿದು ಕೊಡುತ್ತಿದ್ದರಂತೆ. ಆ ನೆನಪನ್ನೇ ಇಟ್ಟುಕೊಂಡು ಅವರು ಮುಂದೆ ಮ್ಯೂನಿಕ್‌ನಲ್ಲಿ ಪ್ರಕಾಶಕರಾಗಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಡ್ವೆಂಟ್ ಕ್ಯಾಲೆಂಡರನ್ನು ಅಚ್ಚು ಹಾಕಿದರು. ಮೊದಲಿನದರಲ್ಲಿ ಈಗಿನಂತೆ ಪುಟ್ಟ ಬಾಗಿಲುಗಳಿರಲಿಲ್ಲ. ಒಂದು ಹಾಳೆಯಿಂದ ಚಿತ್ರಗಳನ್ನು ಕತ್ತರಿಸಿ ಇನ್ನೊಂದರ ಮೇಲೆ ಅಂಟಿಸಬೇಕಿತ್ತು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಕೂಡ ಇದೇ ಸೀಮೆಯ ಊರು ಎಂಬುದು ನಿಮ್ಮ ಯಜಮಾನರಿಗೆ ಹಿಡಿಸಬಹುದಾದ ಸಂಗತಿ.

ಇನ್ನು ಚೀಲದ ವಿಷಯ. ಈ ವಯಸ್ಸಿಗೆ ರಟ್ಟಿನ ಪೆಟ್ಟಿಗೆ, ಬೆಂಕಿಪೊಟ್ಟಣ, ಕಾಗದದ ಲಕೋಟೆ ಬೇಡ; ಜೊಲ್ಲು ತಾಗಿ ಮೆತ್ತಗಾದ ರಟ್ಟನ್ನು ಮಗು ಕಚ್ಚಿ ತುಂಡು ಮಾಡಿಕೊಳ್ಳುತ್ತದೆ. ಒಗೆದು ಮೆದುವಾದ ಹತ್ತಿಬಟ್ಟೆಯೇ ಉತ್ತಮ. ಹಳೆಯ ಕಾಟನ್ ಸೀರೆಯಿದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ, ಏಕೆಂದರೆ ಆ ಬಟ್ಟೆಯ ಬಣ್ಣ ಹೋಗುವಷ್ಟು ಹೋಗಿ ಮುಗಿದಿರುತ್ತದೆ. ಹೊಸ ಬಟ್ಟೆಯಾದರೆ ಎರಡು ಸಲ ಒಗೆದು ಬಳಸಿ. ಒಂದು ಚೀಲಕ್ಕೆ 18 ಸೆಂ.ಮೀ. ಅಗಲ, 44 ಸೆಂ.ಮೀ. ಉದ್ದದ ತುಂಡು ಸಾಕು. ಅದನ್ನು ನಡುವೆ ಮಡಿಸಿ ಎರಡು ಬದಿ ಹೊಲಿದು ಬಾಯಿಯ ಅಂಚನ್ನು ಒಳಕ್ಕೆ ಮಡಚಿದರೆ ಸುಮಾರು 16 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ಚೀಲವಾಗುತ್ತದೆ. 110 ಸೆಂ.ಮೀ. ಪನ್ನದ ಬಟ್ಟೆಯಲ್ಲಿ ಒಂದು ಸಾಲಿಗೆ ಆರು ತುಂಡು ಬರುವುದರಿಂದ ನಾಲ್ಕು ಸಾಲಿಗೆ, ಅಂದರೆ 24 ಚೀಲಕ್ಕೆ, ಒಂದೂ ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು ಬೇಕು. ಒಗೆದಾಗ ಕುಗ್ಗುವುದನ್ನು ಎಣಿಸಿ ಎರಡು ಮೀಟರ್ ತನ್ನಿ.

ಬಾಯಿಗೆ ಲಾಡಿ ಹಾಕಬೇಡಿ. ಎಲ್ಲರೂ ಮೊದಲು ಯೋಚಿಸುವುದು ಲಾಡಿಯನ್ನೇ, ಅದು ನೋಡಲು ಚೆಂದವೂ ಹೌದು. ಆದರೆ ಉದ್ದದ ದಾರ ಮಗುವಿನ ಕೊರಳಿಗೆ ಸುತ್ತಿಕೊಳ್ಳುವ ಭಯವಿರುತ್ತದೆ. ಆಟಿಕೆಯಲ್ಲಾಗಲಿ ಚೀಲದಲ್ಲಾಗಲಿ ಒಂದು ಗೇಣಿಗಿಂತ, ಎಂದರೆ ಸುಮಾರು 22 ಸೆಂ.ಮೀ.ಗಿಂತ, ಉದ್ದದ ದಾರ ಮಗುವಿನ ಕೈಗೆ ಸಿಗಬಾರದು, ಚಿಕ್ಕದೂ ಇಲ್ಲದಿದ್ದರೆ ಇನ್ನೂ ನಿಶ್ಚಿಂತೆ. ಲಾಡಿಯ ಬದಲು ಎರಡು ಅಂಗುಲದ ಒಂದೇ ಒಂದು ವೆಲ್ಕ್ರೊ ಪಟ್ಟಿಯನ್ನು ಸುತ್ತಲೂ ಹೊಲಿಗೆ ಹಾಕಿ ಭದ್ರಪಡಿಸಿ. ಅಂಟಿನ ವೆಲ್ಕ್ರೊ ಒಂದೇ ವಾರದಲ್ಲಿ ಕಿತ್ತು ಬಾಯಿಗೆ ಹೋಗುತ್ತದೆ. ಹೊಲಿದ ವೆಲ್ಕ್ರೊ ತೆರೆಯುವಾಗಿನ ಆ ‘ಚರ್’ ಸದ್ದಿಗೆ ಮಕ್ಕಳು ಸೋತುಹೋಗುತ್ತಾರೆ. ಒಳಗಿನ ವಸ್ತುವನ್ನು ಮರೆತು ಸದ್ದು ಮಾಡುವುದರಲ್ಲೇ ಐದು ನಿಮಿಷ ಕಳೆದರೂ ಕಳೆಯಲಿ, ತಡೆಯಬೇಡಿ.

ಅಂಕಿಗಳನ್ನು ಬಣ್ಣದ ದಾರದಲ್ಲಿ ಕಸೂತಿ ಹಾಕಿ, ಇಲ್ಲವೇ ಬಟ್ಟೆಗೆಂದೇ ಬರುವ ಬಣ್ಣದಲ್ಲಿ ಬರೆಯಿರಿ. ಗುಂಡಿ, ಮಣಿ, ಮಿನುಗು, ಗೆಜ್ಜೆ ಯಾವುದೂ ಬೇಡ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಹೊಲಿದ ಚೀಲಗಳ ಮೇಲೆ ಅಂಕಿಗಳನ್ನು ಬಿಳಿ ಅಂಗಿಗುಂಡಿಗಳಿಂದ ಮಾಡಿದ್ದೆ. ಎರಡೆಳೆ ದಾರದಿಂದ ಬಿಗಿಯಾಗಿ ಹೊಲಿದಿದ್ದೇನೆಂಬ ಧೈರ್ಯ ನನಗಿತ್ತು. ಒಂದು ಮಧ್ಯಾಹ್ನ 9ರ ಬಾಲದಲ್ಲಿ ಒಂದು ಗುಂಡಿ ಕಾಣಲಿಲ್ಲ. ನೆಲದಲ್ಲಿ ಇರಲಿಲ್ಲ, ಚಾಪೆಯಡಿ ಇರಲಿಲ್ಲ. ಒಂದು ಮಗು ಮಾತ್ರ ಬಾಯಿ ಬಿಗಿದು ಸುಮ್ಮನೆ ಕುಳಿತಿತ್ತು. ಅದರ ಕೆನ್ನೆಯ ಒಳಗೆ, ಒಸಡಿನ ಪಕ್ಕದಲ್ಲಿ ಆ ಗುಂಡಿ ಇತ್ತು. ಬೆರಳಲ್ಲಿ ತೆಗೆದೆ, ಮಗುವಿಗೆ ಏನೂ ಆಗಲಿಲ್ಲ. ಆ ಸಂಜೆಯೇ ಅಷ್ಟೂ ಚೀಲಗಳ ಗುಂಡಿ ಬಿಚ್ಚಿದೆ.

ಒಳಗಿಡುವ ಪ್ರತಿ ವಸ್ತುವಿಗೂ ಒಂದು ಪರೀಕ್ಷೆ ಮಾಡಿ. ಟಾಯ್ಲೆಟ್ ಪೇಪರ್ ಮುಗಿದಾಗ ಉಳಿಯುವ ರಟ್ಟಿನ ಕೊಳವೆಯನ್ನು ಎತ್ತಿಟ್ಟುಕೊಳ್ಳಿ. ಅದರೊಳಗೆ ಹೋಗುವ ಯಾವ ವಸ್ತುವೂ ನಿಮ್ಮ ಮಗಳ ಕೈಗೆ ಹೋಗಬಾರದು. ಆಟಿಕೆಗಳ ಸಣ್ಣ ಭಾಗಗಳನ್ನು ಪರೀಕ್ಷಿಸುವ ಪ್ರಮಾಣಿತ ಕೊಳವೆಯ ವ್ಯಾಸ ಸುಮಾರು 3.2 ಸೆಂ.ಮೀ., ಮನೆಯ ರಟ್ಟಿನ ಕೊಳವೆಯದು ಸುಮಾರು 4 ಸೆಂ.ಮೀ. ಇರುವುದರಿಂದ ಇದು ಇನ್ನೂ ಬಿಗಿಯಾದ ಪರೀಕ್ಷೆ. ಚೆಂಡಿಗೆ ಮಾತ್ರ ಇದೂ ಸಾಲದು, ಏಕೆಂದರೆ ಉರುಟಾದ ವಸ್ತು ಗಂಟಲನ್ನು ಪೂರ್ತಿ ಮುಚ್ಚಿಬಿಡುತ್ತದೆ, 6 ಸೆಂ.ಮೀ.ಗಿಂತ ದೊಡ್ಡ ಚೆಂಡನ್ನೇ ತನ್ನಿ. ಅಯಸ್ಕಾಂತ, ಬಲೂನು, ನೀರಿನಲ್ಲಿ ಉಬ್ಬುವ ಬಣ್ಣದ ಮಣಿ ಮನೆಯಲ್ಲೇ ಬೇಡ. ಮಿಣುಕುವ ಪುಟ್ಟ ನಕ್ಷತ್ರ, ಹಾಡುವ ಕಾರ್ಡುಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ನುಂಗಿದರೆ ಅದು ಎರಡೇ ಗಂಟೆಯೊಳಗೆ ಅನ್ನನಾಳವನ್ನು ತೀವ್ರವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ 112ಕ್ಕೆ ಕರೆ ಮಾಡಿ. ಡಿಸೆಂಬರಿನ ಅಲಂಕಾರಗಳಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೇ.

ಹಾಗಾದರೆ ಆ ಎಂಟು ವಸ್ತುಗಳು ಯಾವುವು? ನನ್ನನ್ನು ಕೇಳಿದರೆ ಹೆಚ್ಚಿನವು ನಿಮ್ಮ ಮನೆಯಲ್ಲೇ ಇವೆ. ಕೈವಸ್ತ್ರದಷ್ಟು ಅಗಲದ ಒಂದು ತೆಳು ಮಲ್ಲು ಬಟ್ಟೆಯಿಂದ ಮುಖ ಮುಚ್ಚಿ ‘ಪಾಪು ಎಲ್ಲಿ? ಇಲ್ಲಿ!’ ಆಟವಾಡಬಹುದು. ಮರದ ಸೌಟಿನ ಮಹಿಮೆ ಮೇಲೆ ಹೇಳಿದ್ದೇನೆ. ಸಿಬಿರು ಇಲ್ಲದಂತೆ ಬೆರಳಾಡಿಸಿ ನೋಡಿ. ಒಂದರೊಳಗೊಂದು ಕೂರುವ ಎರಡು ಸ್ಟೀಲ್ ಬಟ್ಟಲುಗಳನ್ನು ಇಡಿ. ಸೌಟು ಬಂದ ಮಾರನೆಯ ದಿನವೇ ಅವು ಬಂದರೆ ಆ ದಿನದ ಗದ್ದಲಕ್ಕೆ ನೀವು ಸಿದ್ಧರಿರಬೇಕು. ಬಟ್ಟೆಯ ಚೆಂಡು, ದಪ್ಪ ರಟ್ಟಿನ ಹಾಳೆಗಳ ಒಂದು ಪುಟ್ಟ ಚಿತ್ರಪುಸ್ತಕ, ಮೆತ್ತನೆಯ ಕೂದಲಿನ ಒಂದು ಬ್ರಷ್ ಸೇರಿಸಿ. ಜಾಮ್ ಬಾಟಲಿಯ ಅಗಲವಾದ ಮೂರು ನಾಲ್ಕು ಮುಚ್ಚಳಗಳೂ ಇರಲಿ; ಇವುಗಳಿಗೆ ಜೊತೆಯಾಗಿ ಸೀಳು ಮಾಡಿದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಹತ್ತಿರದಲ್ಲಿಟ್ಟರೆ, ಮುಚ್ಚಳವನ್ನು ಸೀಳಿನೊಳಗೆ ತೂರಿಸಿ ಅದು ‘ಠಣ್’ ಎಂದು ಬೀಳುವುದನ್ನು ಕೇಳುವ ಕೆಲಸದಲ್ಲಿ ಮಗು ಮುಳುಗಿಹೋಗುತ್ತದೆ. ಸೀಳಿನ ಅಂಚನ್ನು ಉಜ್ಜಿ ನಯ ಮಾಡುವುದನ್ನು ಮರೆಯಬೇಡಿ.

ಎಂಟನೆಯದನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ: ಭಾವಚಿತ್ರ. ದಾವಣಗೆರೆಯ ಅಜ್ಜಿ ತಾತ, ಮಂಗಳೂರಿನ ಅಜ್ಜಿ ಅಜ್ಜ, ಸೋದರಮಾವ, ಊರಿನ ಮನೆಯ ನಾಯಿ, ಹೀಗೆ ಒಬ್ಬೊಬ್ಬರ ಮುಖ ಮಾತ್ರ ದೊಡ್ಡದಾಗಿ ಕಾಣುವ ಚಿತ್ರಗಳನ್ನು ಅಂಗೈಯಗಲಕ್ಕೆ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಮೂಲೆಗಳನ್ನು ಗುಂಡಗೆ ಕತ್ತರಿಸಿ. ಹದಿಮೂರು ತಿಂಗಳ ಮಗು ಆಡುವ ಮಾತು ಎರಡು ಮೂರು ಇರಬಹುದು, ಅರ್ಥವಾಗುವ ಮಾತು ಅದರ ಹಲವು ಪಟ್ಟು. ‘ಅಜ್ಜಿ ಎಲ್ಲಿ?’ ಎಂದು ಕೇಳಿದಾಗ ಬೆರಳು ಚಿತ್ರದ ಕಡೆ ಹೋಗುವುದನ್ನು ಈ ತಿಂಗಳಲ್ಲೇ ನೀವು ಕಾಣಬಹುದು. ನೆಂಟರೆಲ್ಲ ಸಾವಿರಾರು ಮೈಲಿ ದೂರದಲ್ಲಿರುವ ಮನೆಯಲ್ಲಿ ಕನ್ನಡದ ಸಂಬಂಧಪದಗಳು ಮಗುವಿನ ಕಿವಿಗೆ ದಿನವೂ ಬೀಳಲು ಇದು ಒಳ್ಳೆಯ ದಾರಿ. ನಿಮ್ಮ ಯಜಮಾನರು ಅದೇ ಚಿತ್ರಗಳನ್ನು ಕೊಂಕಣಿಯಲ್ಲಿ ಹೆಸರಿಸಲಿ. ಮಕ್ಕಳು ಎರಡು ಭಾಷೆಗಳನ್ನು ತೊಡಕಿಲ್ಲದೆ ಒಟ್ಟಿಗೆ ಕಲಿಯುತ್ತಾರೆ.

ಕುಸ್ವಾರ್ ವಿಷಯದಲ್ಲಿ ಅತ್ತೆಯವರ ಪ್ರೀತಿಗೆ ನೋವಾಗದಂತೆ, ಆದರೆ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಕುಸ್ವಾರ್‌ನಲ್ಲಿ ಬರುವ ಕಿಡಿಯೊ ಮತ್ತು ಗುಳಿಯೊ ಎಂಬ ತಿನಿಸುಗಳು ಗಾತ್ರದಲ್ಲಿ ಚಿಕ್ಕವು, ಗಟ್ಟಿಯಾದವು; ಅರೆಯಲು ದವಡೆಹಲ್ಲು ಬಾರದ ಮಗುವಿನ ಗಂಟಲಿಗೆ ಅವು ಅಪಾಯ. ಇಡಿಯ ಗೋಡಂಬಿ, ಬಾದಾಮಿಯಂಥ ಬೀಜಗಳನ್ನು ಐದು ವರ್ಷ ತುಂಬುವವರೆಗೂ ಕೊಡುವಂತಿಲ್ಲ. ಒಣದ್ರಾಕ್ಷಿ, ಗಟ್ಟಿ ಮಿಠಾಯಿ, ಜೆಲ್ಲಿ ತುಂಡುಗಳೂ ಈಗ ಬೇಡ. ಎರಡು ವರ್ಷ ತುಂಬುವವರೆಗೆ ಸಕ್ಕರೆ ಸೇರಿಸಿದ ತಿನಿಸು ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ, ನಾನೂ ಅದನ್ನೇ ಹೇಳುತ್ತೇನೆ. ಕುಸ್ವಾರ್ ಡಬ್ಬಿ ಬರಲಿ, ನೀವಿಬ್ಬರೂ ತಿನ್ನಿ, ನೆರೆಮನೆಯವರಿಗೂ ಕೊಡಿ. ಮಗಳಿಗೆ ಅದರ ಸರದಿ ಬರಲು ಇನ್ನೂ ಕೆಲವು ಡಿಸೆಂಬರ್‌ಗಳಿವೆ. ಚೀಲದಲ್ಲಿ ತಿನಿಸು ಇಡಲೇಬೇಕೆನಿಸಿದ ದಿನ ಒಂದು ಇಡೀ ಕಿತ್ತಳೆ ಇಡಿ. ಅದು ಉರುಳುತ್ತದೆ, ಪರಿಮಳ ಬೀರುತ್ತದೆ, ನೀವು ಸಿಪ್ಪೆ ಸುಲಿಯುವಾಗ ಮಗು ಕಣ್ಣು ಮಿಟುಕಿಸದೆ ನೋಡುತ್ತದೆ. ಬೀಜ ಮತ್ತು ತೊಳೆಯ ಪೊರೆ ತೆಗೆದು ಚಿಕ್ಕ ಚಿಕ್ಕ ತುಂಡು ಮಾಡಿ, ಅವಳನ್ನು ಕೂರಿಸಿ ತಿನ್ನಿಸಿ.

ಚೀಲಗಳನ್ನೆಲ್ಲ ಮಗುವಿನ ಕೈಗೆಟುಕದ ಎತ್ತರದಲ್ಲಿ, ಅವಳು ಹತ್ತಬಹುದಾದ ಸೋಫಾ ಅಥವಾ ಕುರ್ಚಿಯಿಂದ ದೂರದ ಗೋಡೆಗೆ ತೂಗುಹಾಕಿ. ಆ ದಿನದ ಒಂದು ಚೀಲ ಮಾತ್ರ ನೆಲದ ಮೇಲಿನ ಬುಟ್ಟಿಯಲ್ಲಿರಲಿ, ಆ ಬುಟ್ಟಿ ತಿಂಗಳಿಡೀ ಒಂದೇ ಜಾಗದಲ್ಲಿರಲಿ. ಹೊತ್ತೂ ಒಂದೇ ಆಗಿರಬೇಕು. ಹಸಿವೆ, ನಿದ್ದೆ ಎರಡೂ ಕಾಡದ ವೇಳೆ, ಎಂದರೆ ಮಧ್ಯಾಹ್ನದ ನಿದ್ದೆ ಮುಗಿಸಿ ಏನಾದರೂ ತಿಂದ ಮೇಲೆ, ನನ್ನ ಅನುಭವದಲ್ಲಿ ಅತ್ಯುತ್ತಮ. ನಿಮ್ಮಲ್ಲಿ ಮೂರೂವರೆ ಗಂಟೆಯಾದಾಗ ಕರ್ನಾಟಕದಲ್ಲಿ ರಾತ್ರಿ ಎಂಟು. ಅಜ್ಜಿಯಂದಿರು ಫೋನಿನಲ್ಲಿ ನೋಡುತ್ತ ‘ಇವತ್ತೇನು ಬಂತು ಪುಟ್ಟಿ?’ ಎಂದು ಕೇಳಲು ಅನುಕೂಲವಾದ ಹೊತ್ತು. ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆನ್ನುವ ವೈದ್ಯರು ಕೂಡ ಮನೆಯವರೊಂದಿಗಿನ ವಿಡಿಯೊ ಮಾತುಕತೆಗೆ ವಿನಾಯಿತಿ ಕೊಡುತ್ತಾರೆ. ಇಡೀ ಕಾರ್ಯಕ್ರಮ ಐದು ನಿಮಿಷದಲ್ಲಿ ಮುಗಿದರೂ ಸರಿ, ಮಗು ಬೇಡವೆಂದು ತೆವಳಿಕೊಂಡು ಹೋದರೂ ಸರಿ; ಆ ಚೀಲವನ್ನು ಮರುದಿನ ಕೊಡಿ.

ಎರಡು ಮೂರು ದಿನಗಳನ್ನು ಮಾತ್ರ ಬೇರೆಯಾಗಿ ಕಾಣಬಹುದು. ಡಿಸೆಂಬರ್ 4 ಸಂತ ಬಾರ್ಬರಾ ದಿನ. ಅಂದು ಚೆರ್ರಿ ಮರದ ರೆಂಬೆ ಕತ್ತರಿಸಿ ನೀರಿನಲ್ಲಿಟ್ಟು, ಕ್ರಿಸ್ಮಸ್ ಹೊತ್ತಿಗೆ ಹೂ ಬಿಡಲೆಂದು ಕಾಯುವುದು ಜರ್ಮನಿಯ ಹಳೆಯ ಪದ್ಧತಿ. ಮಂಗಳೂರಿನ ಕಡೆ ಗೋದಲಿಯ ಹೊಲಕ್ಕೆಂದು ರಾಗಿಯನ್ನೋ ಭತ್ತವನ್ನೋ ಬಿತ್ತಿ ಹಸಿರು ಮೊಳಕೆ ಬರಿಸುತ್ತಾರಲ್ಲ, ಅದನ್ನೂ ನೀವು ಒಂದು ತಟ್ಟೆಯಲ್ಲಿ ಮಾಡಿ ಕಿಟಕಿಯ ಬಳಿ ಇಡಬಹುದು. ದಿನವೂ ಚೀಲ ತೆರೆದ ನಂತರ ಮಗಳನ್ನು ಎತ್ತಿಕೊಂಡು ಹೋಗಿ ಅದನ್ನು ತೋರಿಸಿ. ಮೊಳಕೆಯ ಮೇಲೆ ಅವಳ ಅಂಗೈ ಆಡಿಸಲು ಬಿಡಿ. ಡಿಸೆಂಬರ್ 6ರಂದು ಸಂತ ನಿಕೊಲಾಸ್ ದಿನ, ಇಲ್ಲಿನ ಮಕ್ಕಳು ಹಿಂದಿನ ರಾತ್ರಿ ತೊಳೆದಿಟ್ಟ ಬೂಟಿನೊಳಗೆ ಉಡುಗೊರೆ ಸಿಗುತ್ತದೆ. ಅಂದಿನ ಚೆಂಡನ್ನು ಚೀಲದ ಬದಲು ಅವಳ ಅಪ್ಪನ ಬೂಟಿನಲ್ಲಿಡಿ.

ಹೊಲಿಯಲು ಬಿಡುವೇ ಆಗದಿದ್ದರೆ ಬೇಸರಪಟ್ಟುಕೊಳ್ಳಬೇಡಿ. ಒಂದೇ ಚೀಲ ಹೊಲಿದು, ದಿನವೂ ರಾತ್ರಿ ನೀವೇ ಮರುದಿನದ್ದನ್ನು ತುಂಬಿಟ್ಟರೂ ಮಗುವಿಗೆ ಯಾವ ವ್ಯತ್ಯಾಸವೂ ಇಲ್ಲ. ಗೋಡೆಯ ಮೇಲಿನ 24ರ ಸಾಲು ನಿಮ್ಮ ಕಣ್ಣಿಗೆ ಮಾತ್ರ. ಅಥವಾ ಒಂದು ಸ್ಲೇಟು ತಂದು ಹಳೆಯ ಸೀಮೆಸುಣ್ಣದ ಪದ್ಧತಿಯನ್ನೇ ಹಿಡಿಯಿರಿ. ದಿನಕ್ಕೆ ಒಂದೇ ದಪ್ಪ ಗೆರೆ ಎಳೆದು, ಅವಳ ಕೈಗೆ ಒದ್ದೆ ಬಟ್ಟೆ ಕೊಟ್ಟು ಅಳಿಸಲು ಬಿಡಿ. 24 ಗೆರೆಗಳನ್ನು ಒಟ್ಟಿಗೆ ಎಳೆದರೆ ಮೊದಲ ದಿನವೇ ಕ್ರಿಸ್ಮಸ್ ಬಂದುಬಿಡುತ್ತದೆ.

ಇನ್ನೊಂದು ಮಾತು. ಜರ್ಮನಿಯಲ್ಲಿ 24ರ ಸಂಜೆಯೇ ಉಡುಗೊರೆ ಬಿಚ್ಚುವುದರಿಂದ ಕ್ಯಾಲೆಂಡರ್ ಅಂದಿಗೆ ಮುಗಿಯುತ್ತದೆ. ಆದರೆ ಅದು ಮುಗಿದಿದೆಯೆಂದು ನಿಮ್ಮ ಮಗಳಿಗೆ ಗೊತ್ತಿರುವುದಿಲ್ಲ. 25ರ ಮಧ್ಯಾಹ್ನ ನಿದ್ದೆಯಿಂದೆದ್ದವಳು ಎಂದಿನಂತೆ ಬುಟ್ಟಿಯ ಕಡೆ ಹೋಗುತ್ತಾಳೆ. ಆದ್ದರಿಂದ ಗೋಡೆಯ ಮೇಲಿನವುಗಳನ್ನು ಒಗೆದು ಮಡಿಸಿ ಮುಂದಿನ ವರ್ಷಕ್ಕೆ ಎತ್ತಿಡಿ, ಒಂದು ಚೀಲವನ್ನು ಮಾತ್ರ ಬುಟ್ಟಿಯಲ್ಲೇ ಬಿಟ್ಟು, ಅವಳು ತಾನಾಗಿ ಮರೆಯುವವರೆಗೆ ದಿನವೂ ಅದರಲ್ಲಿ ಸೌಟನ್ನೋ ಅಜ್ಜಿಯ ಚಿತ್ರವನ್ನೋ ಇಡುತ್ತಿರಿ.